ಗೇರ್‌ಬಾಕ್ಸಿನ ಕೆಂಪೆಣ್ಣೆ: ನೋಡಿದ್ದು, ಬಸಿದದ್ದು, ತುಂಬಿದ್ದು

ನಮ್ಮದು 2011ರ ಸಣ್ಣ ಹ್ಯಾಚ್‌ಬ್ಯಾಕ್. ಟಾರ್ಕ್ ಕನ್ವರ್ಟರ್ ಇರುವ, ನಾಲ್ಕೇ ಗೇರಿನ, ಈಗಿನವರ ಕಣ್ಣಿಗೆ ಹಳೆಯ ಕಾಲದ್ದೆನಿಸುವ ಆಟೊಮ್ಯಾಟಿಕ್ ಕಾರು. ಪುಣೆಯ ಕೋಥರೂಡಿನಲ್ಲಿ ಡಿಸೆಂಬರ್ ಬೆಳಗಿನ ಉಷ್ಣತೆ 10-12 ಡಿಗ್ರಿಗೆ ಇಳಿಯುತ್ತದೆ. ಅಂಥ ಬೆಳಗುಗಳಲ್ಲಿ ಕಾರನ್ನು ಚಾಲೂ ಮಾಡಿ ಲಿವರನ್ನು ರಿವರ್ಸಿಗೆ ಎಳೆದರೆ ಗೇರು ಕೂಡಲೇ ಹಿಡಿಯುತ್ತಿರಲಿಲ್ಲ. ಒಂದು ಕ್ಷಣ ಏನೂ ಆಗದೆ, ಆಮೇಲೆ ಒಂದು ಸಣ್ಣ ಧಕ್ಕೆಯೊಂದಿಗೆ ಕಾರು ಹಿಂದೆ ಸರಿಯುತ್ತಿತ್ತು. ಬಿಸಿಯಾದ ಮೇಲೆ ಈ ಹಿಂಜರಿಕೆ ಮಾಯವಾಗುತ್ತಿತ್ತು. ಇದರ ಜೊತೆಗೆ, ಸೊಸೈಟಿಯ ವಾಚ್‌ಮನ್ ನಮ್ಮ ಜಾಗದ ಪೇವರ್ ಕಲ್ಲಿನ ಮೇಲೆ ಕೆಂಪು ಕಲೆಯನ್ನು ತೋರಿಸಿದಾಗ ಎರಡೂ ಸಂಗತಿಗಳು ಒಂದೇ ಕಡೆ, ಗೇರ್‌ಬಾಕ್ಸಿನ ದ್ರವದ ಕಡೆ, ಬೊಟ್ಟು ಮಾಡುತ್ತಿವೆ ಎಂಬುದು ಸ್ಪಷ್ಟವಾಯಿತು.

ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ದ್ರವ, ಅಂದರೆ ಎಟಿಎಫ್, ಎಂಜಿನ್ ಆಯಿಲ್ಲಿನ ಹಾಗೆ ಉರಿದು ಖರ್ಚಾಗುವ ವಸ್ತುವಲ್ಲ. ಅದರ ಮಟ್ಟ ಇಳಿದಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಗೇರ್‌ಬಾಕ್ಸ್ ಎಂಬ ಆ ಪೆಟ್ಟಿಗೆಯೊಳಗೆ ಈ ದ್ರವದ ಪಾಲಿಗೆ ಬಂದಿರುವ ಕೆಲಸಗಳೂ ಸಾಮಾನ್ಯವಲ್ಲ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಬಲವನ್ನು ಗೇರುಗಳಿಗೆ ಮುಟ್ಟಿಸುವುದು ಅದೇ. ಒತ್ತಡವನ್ನು ಬೇಕಾದಲ್ಲಿಗೆ ಹಂಚುವ ವಾಲ್ವ್ ಬಾಡಿಯ ಸಣ್ಣ ಸಣ್ಣ ಕಾಲುವೆಗಳಲ್ಲಿ ಒತ್ತಡವಾಗಿ ಹರಿದು ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ. ಗೇರು, ಬೇರಿಂಗುಗಳಿಗೆ ಜಿಡ್ಡಾಗಿ, ರೇಡಿಯೇಟರಿನ ಕೆಳಭಾಗದ ಕೂಲರಿಗೆ ಶಾಖವನ್ನು ಹೊತ್ತೊಯ್ಯುವುದೂ ಅದೇ. ಮಟ್ಟ ತಗ್ಗಿದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಗಾಳಿ ಸೇರಿದ ದ್ರವದಲ್ಲಿ ಒತ್ತಡ ನಿಲ್ಲುವುದಿಲ್ಲ. ಒತ್ತಡವಿಲ್ಲದ ಕ್ಲಚ್ಚು ಹಿಡಿಯುವ ಬದಲು ಜಾರುತ್ತದೆ. ಮಟ್ಟ ಹೆಚ್ಚಾದರೂ ಫಲ ಅದೇ ಎಂಬುದು ಹಲವರಿಗೆ ಗೊತ್ತಿಲ್ಲ: ತಿರುಗುವ ಭಾಗಗಳು ಎಣ್ಣೆಯಲ್ಲಿ ಮುಳುಗಿ ಅದನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಯೆಂದರೆ ಮತ್ತೆ ಗಾಳಿಯೇ. ಆದ್ದರಿಂದ "ಒಂದಿಷ್ಟು ಜಾಸ್ತಿ ಇರಲಿ ಬಿಡಿ" ಎಂಬ ಉದಾರತೆ ಇಲ್ಲಿ ನಡೆಯುವುದಿಲ್ಲ.

ನನ್ನ ಅನುಭವದಲ್ಲಿ ಈ ಕೆಲಸದ ಕಷ್ಟವೆಲ್ಲ ಇರುವುದು ಅಳೆಯುವುದರಲ್ಲಿ; ಸುರಿಯುವುದನ್ನು ಯಾರು ಬೇಕಾದರೂ ಮಾಡಬಹುದು. ಎಂಜಿನ್ ಆಯಿಲ್ಲಿನಂತೆ ಕಾರು ತಣ್ಣಗೆ ನಿಂತಿರುವಾಗ ಮಟ್ಟ ತೋರಿಸುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಎಳೆದು ನೋಡಿದರೆ ಸಿಗುವ ಅಂಕಿ ನಿಜವೂ ಅಲ್ಲ, ಸುಳ್ಳೂ ಅಲ್ಲ, ಬರೀ ನಿರುಪಯೋಗಿ. ಎಂಜಿನ್ ನಿಂತಾಗ ಕೂಲರ್ ಕೊಳವೆಗಳಿಂದ, ಕನ್ವರ್ಟರಿನಿಂದ ಒಂದಷ್ಟು ದ್ರವ ಪೆಟ್ಟಿಗೆಯ ತಳದ ತೊಟ್ಟಿಗೆ, ಅಂದರೆ 'ಸಂಪ್'ಗೆ, ಇಳಿದು ಬರುವುದರಿಂದ ಮಟ್ಟ ಹೆಚ್ಚಿದಂತೆ ಕಾಣುತ್ತದೆ. ಇನ್ನೊಂದು ಕಡೆ, ಶಾಖಕ್ಕೆ ಎಣ್ಣೆ ಹಿಗ್ಗುತ್ತದೆ. ನಮ್ಮ ಪೆಟ್ಟಿಗೆಯಲ್ಲಿರುವುದು ಸುಮಾರು 6 ಲೀಟರ್. 25 ಡಿಗ್ರಿಯಿಂದ 75 ಡಿಗ್ರಿಗೆ ಏರಿದಾಗ ಅದು ಹತ್ತಿರಹತ್ತಿರ ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವಿನ ಅಂತರ ಬೆರಳಗಲವೂ ಇಲ್ಲದಿರುವಾಗ ಕಾಲು ಲೀಟರ್ ಎಂಬುದು ದೊಡ್ಡ ಮಾತು. ಈ ಕಾರಣಕ್ಕೇ ಕೈಪಿಡಿಯಲ್ಲಿ ಷರತ್ತುಗಳು ಬಿಗಿಯಾಗಿವೆ: ಕಾರು ಸಮತಟ್ಟಾದ ನೆಲದಲ್ಲಿರಬೇಕು, ದ್ರವ 70ರಿಂದ 80 ಡಿಗ್ರಿಯಷ್ಟು ಬಿಸಿಯಾಗಿರಬೇಕು, ಎಂಜಿನ್ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಓಡುತ್ತಿರಬೇಕು, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ತಂದು ನ್ಯೂಟ್ರಲಿನಲ್ಲಿ ನಿಲ್ಲಿಸಿರಬೇಕು.

ಈ ಷರತ್ತುಗಳು ಎಲ್ಲ ಕಾರುಗಳಿಗೂ ಒಂದೇ ಅಲ್ಲ. ಡಿಪ್‌ಸ್ಟಿಕ್ ಇರುವ ಟೊಯೋಟಾಗಳಲ್ಲಿ ಲಿವರನ್ನು ಪಾರ್ಕಿನಲ್ಲಿಟ್ಟು, ಎಂಜಿನ್ ಓಡುತ್ತಿರುವಾಗಲೇ ನೋಡುತ್ತಾರೆ. ಹೋಂಡಾದ ಹಲವು ಪೆಟ್ಟಿಗೆಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಬಿಸಿಯಾದ ಎಂಜಿನ್ನನ್ನು ಆರಿಸಿ 60ರಿಂದ 90 ಸೆಕೆಂಡುಗಳ ಒಳಗೆ ಕಡ್ಡಿ ಎಳೆಯಬೇಕು. ಒಂದು ಕಾರಿನ ಪದ್ಧತಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಸರಿಯಾಗಿದ್ದ ಮಟ್ಟವನ್ನು ಕೈಯಾರೆ ಕೆಡಿಸಿದಂತಾಗುತ್ತದೆ.

ಸಮತಟ್ಟಾದ ನೆಲ ಎಂಬುದೇ ಮೊದಲ ತೊಡಕು. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಮಳೆನೀರು ಜಾಲರಿಯತ್ತ ಹರಿಯಲೆಂದು ನೆಲವನ್ನು ಒಂದು ಪಕ್ಕಕ್ಕೆ ಇಳಿಜಾರಾಗಿ ಕಟ್ಟಿದ್ದಾರೆ. ಕಣ್ಣಿಗೆ ಅದು ಕಾಣುವುದಿಲ್ಲ. ಗಾರೆ ಕೆಲಸದವರ ರಸಮಟ್ಟವನ್ನು ಅಲ್ಲಲ್ಲಿ ಇಟ್ಟು ನೋಡಿದಾಗ, ಗುಳ್ಳೆ ನಡುವೆ ನಿಂತದ್ದು ಲಿಫ್ಟಿನ ಎದುರಿನ ಪಟ್ಟಿಯಲ್ಲಿ ಮಾತ್ರ. ಅಲ್ಲಿ ಕಾರು ನಿಲ್ಲಿಸಲು ಅನುಮತಿ ಇಲ್ಲದ ಕಾರಣ ಮಧ್ಯಾಹ್ನ ಎರಡರ ಸುಮಾರಿಗೆ, ಓಡಾಟ ಕಡಿಮೆ ಇರುವ ಹೊತ್ತನ್ನು ಆರಿಸಿಕೊಂಡೆ.

ದ್ರವವನ್ನು ಬಿಸಿ ಮಾಡುವುದು ಎರಡನೆಯ ತೊಡಕು. ನಿಂತಲ್ಲೇ ಎಂಜಿನ್ ಓಡಿಸಿದರೆ ಕೂಲಂಟ್ ಬೇಗ ಬಿಸಿಯಾಗುತ್ತದೆ, ಡ್ಯಾಶ್‌ಬೋರ್ಡಿನ ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಮಾತ್ರ ಇನ್ನೂ ಉಗುರುಬೆಚ್ಚಗೆ ಇರುತ್ತದೆ. ಅದಕ್ಕೆ ಕಾರನ್ನು ಓಡಿಸಿಯೇ ತರಬೇಕು. ಪೌಡ್ ರಸ್ತೆಯಿಂದ ಚಾಂದನಿ ಚೌಕಕ್ಕೆ ಹತ್ತಿ, ಹೆದ್ದಾರಿ ಹಿಡಿದು ವಾರಜೆ ದಾಟಿ, ನವಲೆ ಸೇತುವೆಯ ಬಳಿ ತಿರುಗಿಕೊಂಡು ಬಂದೆ. ಮುಟ್ಟದೆಯೇ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಗನ್ನನ್ನು ಪೆಟ್ಟಿಗೆಯ ಹೊರಮೈಗೆ ಹಿಡಿದಾಗ 68 ಡಿಗ್ರಿ ತೋರಿಸಿತು. ಹೊರಗಿನ ಲೋಹ ಒಳಗಿನ ಎಣ್ಣೆಗಿಂತ ಕೆಲವು ಡಿಗ್ರಿ ತಣ್ಣಗಿರುತ್ತದೆ ಎಂಬುದು ಮುಂದೆ ಮೆಕ್ಯಾನಿಕ್ಕನ ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರಿಗೆ ಜೋಡಿಸಿ ಒಳಗಿನ ಉಷ್ಣತೆ ಓದುವ ಸಾಧನ) ಖಚಿತವಾಯಿತು. ಹಾಗಾಗಿ ಆ 68 ಸಾಕಾಗಿತ್ತು.

ಮನೆಯವರು ಬ್ರೇಕಿನ ಮೇಲೆ ಗಟ್ಟಿಯಾಗಿ ಕಾಲಿಟ್ಟು ಕುಳಿತು, ಹ್ಯಾಂಡ್‌ಬ್ರೇಕ್ ಎಳೆದು, ಲಿವರನ್ನು ಒಂದೊಂದೇ ಸ್ಥಾನಕ್ಕೆ ಒಯ್ದು ಅಲ್ಲಲ್ಲಿ ತುಸು ನಿಲ್ಲಿಸಿ, ಕೊನೆಗೆ ನ್ಯೂಟ್ರಲಿಗೆ ತಂದರು. ಓಡುತ್ತಿರುವ ಎಂಜಿನ್ನಿನ ಮೇಲೆ ಬಾಗುವಾಗ ದುಪಟ್ಟಾ, ಸಡಿಲ ತೋಳು, ಕೊರಳಿಗೆ ಹಾಕಿದ ಗುರುತಿನ ಚೀಟಿ ಯಾವುದೂ ಇರಕೂಡದು. ರೇಡಿಯೇಟರ್ ಫ್ಯಾನು ಹೇಳಿಕೇಳಿ ತಿರುಗುವುದಿಲ್ಲ.

ಕಡ್ಡಿಯ ಉಂಗುರದ ಸುತ್ತಲಿನ ಮಣ್ಣನ್ನು ಮೊದಲೇ ಒರೆಸಿದ್ದೆ, ಏಕೆಂದರೆ ಕಡ್ಡಿಯ ಜೊತೆ ಒಳಗೆ ಬಿದ್ದ ಒಂದು ಮರಳಿನ ಕಣವೂ ವಾಲ್ವ್ ಬಾಡಿಗೆ ಹೋಗಿ ಸೇರಬಲ್ಲದು. ಅದೇ ಕಾರಣಕ್ಕೆ ಗ್ಯಾರೇಜುಗಳ ಹತ್ತಿಯ ವೇಸ್ಟನ್ನು ಕಡ್ಡಿಗೆ ಮುಟ್ಟಿಸಬಾರದು. ಅದರ ನೂಲಿನ ಎಳೆ ಕಡ್ಡಿಗೆ ಅಂಟಿ ಒಳಗೆ ಹೋದರೆ ಸೋಲೆನಾಯ್ಡಿನ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವು) ಸಣ್ಣ ತೂತಿಗೆ ಅದೇ ಬೆಣೆ. ಎಳೆ ಬಿಡದ ಮೈಕ್ರೋಫೈಬರ್ ಬಟ್ಟೆಯಿಂದ ಕಡ್ಡಿಯನ್ನು ಒರೆಸಿ, ಪೂರ್ತಿ ಒಳಗಿಳಿಸಿ, ಮತ್ತೆ ಎಳೆದು ನೋಡಿದೆ. ಕಡ್ಡಿಯ ಒಂದು ಮುಖದಲ್ಲಿ ಎಣ್ಣೆ 'ಹಾಟ್' ಗುರುತಿನ ನಡುವಿನವರೆಗೆ ಹೊಳೆಯುತ್ತಿತ್ತು, ಇನ್ನೊಂದು ಮುಖದಲ್ಲಿ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಕೊಳವೆಯ ಗೋಡೆಗೆ ಅಂಟಿದ ಎಣ್ಣೆ ಕಡ್ಡಿ ಮೇಲೆ ಬರುವಾಗ ಒಂದು ಪಕ್ಕಕ್ಕೆ ಸವರಿಕೊಳ್ಳುವುದೇ ಇದಕ್ಕೆ ಕಾರಣ. ಎರಡು ಮುಖಗಳಲ್ಲಿ ಕಡಿಮೆ ತೋರಿಸುವುದನ್ನು, ಅದರಲ್ಲೂ ಅಂಚು ಸರಳ ಗೆರೆಯಾಗಿ ನಿಂತಿರುವುದನ್ನು ನಂಬಬೇಕು. ಪುನಃ ಪುನಃ ಎಳೆದು ನೋಡಿದರೂ ಕಡಿಮೆ ತೋರಿಸಿದ ಮುಖದ ಗೆರೆ ಬದಲಾಗಲಿಲ್ಲ. ಮಟ್ಟ ಕಡಿಮೆಯೇ ಇತ್ತು.

ಅದೇ ಎಣ್ಣೆಯ ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಟ್ಟೆ. ಹೊಸ ಎಟಿಎಫ್ ಮಾಣಿಕ್ಯದ ಹಾಗೆ ಕೆಂಪಗೆ, ತಿಳಿಯಾಗಿ ಇರುತ್ತದೆ. ಈ ಹನಿ ಹರಡುತ್ತ ಹೋದಂತೆ ಅಂಚಿನಲ್ಲಿ ಮಾಸಲು ಗುಲಾಬಿ, ನಡುವೆ ಕಂದು ಬಣ್ಣ ಉಳಿಯಿತು. ಕರಿಯ ಪುಡಿ ಕಾಣಲಿಲ್ಲ. ಬಣ್ಣವನ್ನೇ ನಂಬಿ ತೀರ್ಪು ಕೊಡುವುದು ತಪ್ಪು, ಏಕೆಂದರೆ ಆ ಕೆಂಪು ಸೋರಿಕೆಯನ್ನು ಗುರುತಿಸಲು ಬೆರೆಸಿದ ಬರೀ ಬಣ್ಣ, ಅದು ಎಣ್ಣೆಯ ಆಯಸ್ಸು ಮುಗಿಯುವ ಎಷ್ಟೋ ಮೊದಲೇ ಮಾಸುತ್ತದೆ. ಮೂಗು ಹೆಚ್ಚು ನಂಬಿಕೆಯ ಸಾಧನ: ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳ ಮೇಲ್ಪದರ ಬೆಂದಿದೆ ಎಂದು ತಿಳಿಯಬೇಕು. ನಮ್ಮದರಲ್ಲಿ ಹಳೆಯ ಎಣ್ಣೆಯ ಸಪ್ಪೆ ವಾಸನೆ ಇತ್ತೇ ಹೊರತು ಸುಟ್ಟದ್ದಲ್ಲ. ಸ್ಟ್ರಾಬೆರಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ನೀರು ಬೆರೆತಿದೆ ಎಂದರ್ಥ. ಆಗ ಕಾರನ್ನು ಒಂದು ಹೆಜ್ಜೆಯೂ ಓಡಿಸದೆ ಎತ್ತಿಸಿಕೊಂಡು ಹೋಗುವುದೇ ಸರಿ.

ದ್ರವ ಕೊಳ್ಳಲು ನಾನಾ ಪೇಠಿಗೆ ಹೋದೆ. ಬಿಡಿಭಾಗಗಳ ಅಂಗಡಿಗಳು ಒತ್ತೊತ್ತಾಗಿರುವ ಆ ಓಣಿಗಳಲ್ಲಿ ಬೇಕಾದದ್ದು ಸಿಗುತ್ತದೆ, ಬೇಡವಾದದ್ದನ್ನು ಒಪ್ಪಿಸುವವರೂ ಸಿಗುತ್ತಾರೆ. ಕೈಪಿಡಿ ಕೇಳಿದ್ದು ಎಸ್‌ಪಿ-3 ದರ್ಜೆಯ ದ್ರವ. ಹ್ಯುಂಡೈ, ಕಿಯಾ, ಮಿತ್ಸುಬಿಷಿಗಳ ಒಂದು ತಲೆಮಾರಿನ ಪೆಟ್ಟಿಗೆಗಳಿಗೆಲ್ಲ ಅದೇ. ಒಬ್ಬ ಅಂಗಡಿಯಾತ ಬೇರೊಂದು ದರ್ಜೆಯಾದ ಡೆಕ್ಸ್‌ರಾನ್-3ರ ಡಬ್ಬಿಯನ್ನು ಮುಂದಿಟ್ಟು, "ಲಾಲ್ ತೇಲ್ ಸಗಳಂ ಸಾರಖಂಚ್ ಅಸತಂ" (ಕೆಂಪೆಣ್ಣೆಯೆಲ್ಲ ಒಂದೇ) ಎಂದು ಸಮಾಧಾನ ಹೇಳಿದ. ಕೆಂಪಾಗಿರುವುದರಲ್ಲಿ ಮಾತ್ರ ಅವೆಲ್ಲ ಒಂದೇ. ಪ್ರತಿ ದರ್ಜೆಯಲ್ಲೂ ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳ ಪಾಕ ಬೇರೆ, ಮಂದತೆ ಬೇರೆ. ಕ್ಲಚ್ಚು ಎಷ್ಟು ನಯವಾಗಿ, ಎಷ್ಟು ಬೇಗ ಹಿಡಿಯಬೇಕೆಂಬುದು ಆ ಪಾಕದಿಂದಲೇ ತೀರ್ಮಾನವಾಗುತ್ತದೆ. ಜನರಲ್ ಮೋಟರ್ಸ್ ಕಂಪನಿ 1949ರಲ್ಲಿ 'ಟೈಪ್ ಎ' ಎಂಬ ದರ್ಜೆಯನ್ನು ಹೊರತಂದ ಮೇಲೆ ಬಹಳ ವರ್ಷ ಈ ಘರ್ಷಣೆಯ ಹದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದಾಗ ಬದಲಿ ರಾಸಾಯನಿಕಗಳನ್ನು ಹುಡುಕಲು ತಯಾರಕರು ಸಾಕಷ್ಟು ಪರದಾಡಬೇಕಾಯಿತು. ಕೊನೆಗೆ ಇನ್ನೊಂದು ಅಂಗಡಿಯಲ್ಲಿ ಸೀಲು ಒಡೆಯದ ಎಸ್‌ಪಿ-3 ಡಬ್ಬಿಗಳು ದೊರೆತವು. ಅದರ ಪಕ್ಕದಲ್ಲೇ ಇದ್ದ ಎಸ್‌ಪಿ-4 ಮುಂದೆ ಬಂದ ಆರು ಗೇರಿನ ಪೆಟ್ಟಿಗೆಗಳದ್ದು. ಅಂಕಿ ಹೆಚ್ಚಿದ ಮಾತ್ರಕ್ಕೆ ಅದು ನಮಗೆ ಮೇಲಿನದ್ದಾಗುವುದಿಲ್ಲ.

ಸೋರಿಕೆಯನ್ನು ಹುಡುಕಿದವನು ವಾರಜೆಯ ನಮ್ಮ ಮೆಕ್ಯಾನಿಕ್. ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು, ಮರಾಠಿಯಲ್ಲಿ ವ್ಯವಹಾರ ಮಾಡಿ ಕನ್ನಡದಲ್ಲಿ ಬೈಯುವವನು. ಪೆಟ್ಟಿಗೆಯ ಕೆಳಭಾಗವನ್ನೆಲ್ಲ ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಿ, ಕಾರನ್ನು ಒಂದು ಸುತ್ತು ಓಡಿಸಿ ತಂದು ಪಿಟ್ಟಿನ ಮೇಲೆ ನಿಲ್ಲಿಸಿದ. ತೊಳೆಯದೆ ಹುಡುಕಿದರೆ ಗಾಳಿಗೆ ಹರಡಿದ ಎಣ್ಣೆ ಎಲ್ಲ ಕಡೆಯೂ ಸೋರಿಕೆಯಂತೆಯೇ ಕಾಣುತ್ತದೆ. ಅವನ ಗುಮಾನಿ ಚಕ್ರಗಳಿಗೆ ಬಲ ಒಯ್ಯುವ ಡ್ರೈವ್‌ಶಾಫ್ಟಿನ ಸೀಲಿನ ಮೇಲಿತ್ತು. ಅದು ಒಣಗಿಯೇ ಇತ್ತು. ಟಾರ್ಚು ಕೂಲರಿಗೆ ಹೋಗುವ ರಬ್ಬರ್ ಹೋಸಿನ ಮೇಲೆ ಬಿದ್ದಾಗ, ಕ್ಲಿಪ್ಪಿನ ಕೆಳಗೆ ಸೂಜಿಮೊನೆಯಷ್ಟು ಕೆಂಪು ಮಣಿಯೊಂದು ಮೂಡಿ, ನಿಧಾನವಾಗಿ ದಪ್ಪಗಾಗಿ, ಹೋಸಿನ ಬೆನ್ನಿನ ಮೇಲೆ ಹರಿಯಿತು. ರಬ್ಬರು ಗಡಸಾಗಿ ಬಿರುಕು ಬಿಟ್ಟಿತ್ತು. "ಕ್ಲಿಪ್ ಬಿಗಿ ಮಾಡಿದ್ರ ನಾಕ್ ದಿನಾ ನಿಲ್ತೈತ್ರಿ, ಹೋಸೇ ಬದಲ್ಸೋಣು" ಎಂದ. ಹೋಸನ್ನೂ ಕ್ಲಿಪ್ಪುಗಳನ್ನೂ ಹೊಸದಾಗಿಯೇ ಹಾಕಿಸಿದೆವು.

ಎಣ್ಣೆ ಕಂದಾಗಿದ್ದರಿಂದ ಬರೀ ಮಟ್ಟ ಸರಿಮಾಡುವ ಬದಲು ಬಸಿದು ತುಂಬುವುದೆಂದು ನಿರ್ಧರಿಸಿದೆ. ಅವನು ಮೊದಲು ಒಪ್ಪಲಿಲ್ಲ. ಹಳೆಯ ಎಣ್ಣೆ ತೆಗೆದರೆ ಗೇರು ಹಿಡಿಯುವುದೇ ನಿಂತುಬಿಡುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಅದರಲ್ಲಿ ಅರ್ಧ ಸತ್ಯವಿದೆ: ಆಗಲೇ ಪ್ಲೇಟು ಸವೆದು, ಎಣ್ಣೆ ಸುಟ್ಟು, ಜಾರುತ್ತಿರುವ ಪೆಟ್ಟಿಗೆಗೆ ಹೊಸ ಎಣ್ಣೆ ಹಾಕಿಸಿದವರು ಮುಂದಿನ ವಾರ ಅದು ಕೈಕೊಟ್ಟಾಗ ಎಣ್ಣೆಯನ್ನೇ ದೂರುತ್ತಾರೆ. ನಮ್ಮದು ಜಾರುತ್ತಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಯಂತ್ರ ಹಚ್ಚಿ ಒತ್ತಡದಿಂದ ಫ್ಲಷ್ ಮಾಡಿಸುವುದು ಮಾತ್ರ ನನಗೂ ಬೇಡವಾಗಿತ್ತು; ಎಲ್ಲೋ ತಣ್ಣಗೆ ಕುಳಿತಿರುವ ಕಸವನ್ನು ಎಬ್ಬಿಸಿ ವಾಲ್ವುಗಳಿಗೆ ಕಳಿಸುವುದೇಕೆ?

ಬಸಿಯುವ ಪದ್ಧತಿಗೆ ಒಂದು ಮಿತಿಯಿದೆ. ಡ್ರೈನ್ ಬೋಲ್ಟ್ ತೆಗೆದರೆ ಹೊರಬರುವುದು ಸಂಪಿನಲ್ಲಿರುವ ದ್ರವ ಮಾತ್ರ. ಕನ್ವರ್ಟರಿನಲ್ಲೂ ಕೊಳವೆಗಳಲ್ಲೂ ಇರುವುದು ಅಲ್ಲೇ ಉಳಿಯುತ್ತದೆ. ಪ್ರತಿ ಸಲ ಅರ್ಧ ಬದಲಾಗುತ್ತದೆ ಎಂದಿಟ್ಟುಕೊಂಡರೆ ಮೊದಲ ಸಲಕ್ಕೆ ಹೊಸದರ ಪಾಲು ಶೇ. 50, ಎರಡನೆಯದಕ್ಕೆ ಶೇ. 75, ಮೂರನೆಯದಕ್ಕೆ ಶೇ. 87.5. ನಡುವೆ ಕಾರನ್ನು ಕೆಲವು ದಿನ ಓಡಿಸಿ ಹೊಸದನ್ನೂ ಹಳೆಯದನ್ನೂ ಬೆರೆಯಲು ಬಿಡಬೇಕು. ಎರಡು ಸಲಕ್ಕಿಂತ ಮುಂದೆ ಹೋದರೆ ಖರ್ಚಿಗೆ ತಕ್ಕ ಫಲವಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಎಣ್ಣೆ ಬೆಚ್ಚಗಿರುವಾಗ, ಆದರೆ ಕೈ ಸುಡದಷ್ಟು ಆರಿದಾಗ ಬೋಲ್ಟ್ ಬಿಚ್ಚಿದೆವು. ಅದರ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ಮೆತ್ತನೆಯ ಹಿಟ್ಟು ಅಂಟಿಕೊಂಡಿತ್ತು. ಬೆರಳುಗಳ ನಡುವೆ ಹೊಸಕಿದಾಗ ಕಾಡಿಗೆಯಂತೆ ನುಣ್ಣಗಿತ್ತು, ಚುಚ್ಚುವ ಚೂರು ಒಂದೂ ಸಿಗಲಿಲ್ಲ. ಈ ವಯಸ್ಸಿನ ಪೆಟ್ಟಿಗೆಗೆ ಅದು ಸಹಜ ಸವೆತ. ಅದನ್ನು ಒರೆಸಿ, ಹೊಸ ವಾಷರ್ ಹಾಕಿ, ಟಾರ್ಕ್ ವ್ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿಸಿದೆ. ಪೆಟ್ಟಿಗೆಯ ಮೈ ಅಲ್ಯುಮಿನಿಯಂ ಆದ್ದರಿಂದ ಉದ್ದನೆಯ ಪಾನಾ ಹಾಕಿ ತೋಳಿನ ಬಲ ತೋರಿಸಿದರೆ ಬೋಲ್ಟ್ ಕೂರುವ ತೂತಿನ ತಿರುಪು ಹರಿಯುತ್ತದೆ.

ಹೊರಬಂದ ಎಣ್ಣೆಯನ್ನು ಗುರುತು ಹಾಕಿದ ಲೀಟರ್ ಬಾಟಲಿಗಳಿಗೆ ಸುರಿದು, ಹೊಸ ಎಣ್ಣೆಯಷ್ಟೇ ತಣ್ಣಗಾಗುವವರೆಗೆ ಕಾದು, ಆಮೇಲೆ ಅಳೆದೆವು: ಮೂರು ಲೀಟರಿಗೆ ತುಸು ಕಡಿಮೆ. ಮೊದಲು ಅಷ್ಟೇ ಪ್ರಮಾಣದ ಹೊಸ ಎಣ್ಣೆಯನ್ನು ತೆಳುವಾದ ಉದ್ದ ಕೊಳವೆಯ ಆಲಿಕೆಯಿಂದ ಕಡ್ಡಿಯ ದಾರಿಯಲ್ಲೇ ಇಳಿಸಿದೆವು. ಬೇಗ ಸುರಿದರೆ ಉಕ್ಕಿ ಎಗ್ಸಾಸ್ಟಿನ ಮೇಲೆ ಬಿದ್ದು ಹೊಗೆಯೇಳುತ್ತದೆ, ಆದ್ದರಿಂದ ನೂಲಿನಂತೆ ಬಿಡಬೇಕು. ಆದರೆ ಮೊದಲೇ ಸೋರಿ ಹೋದ ಕೊರತೆ ಇನ್ನೂ ಉಳಿದೇ ಇತ್ತಲ್ಲ, ಅದಕ್ಕೆ ಮತ್ತೆ ಅಳೆಯುವ ಷರತ್ತುಗಳನ್ನೆಲ್ಲ ಪಾಲಿಸಲೇಬೇಕಾಯಿತು. ಸ್ಕ್ಯಾನರಿನಲ್ಲಿ ದ್ರವದ ಉಷ್ಣತೆ 74 ಡಿಗ್ರಿ ಕಂಡಾಗ ಕಡ್ಡಿ ನೋಡಿ, 100 ಮಿಲಿಲೀಟರಿನಷ್ಟು ಸೇರಿಸಿ, ಕೊಳವೆಯ ಗೋಡೆಯಿಂದ ಎಣ್ಣೆ ಇಳಿಯುವವರೆಗೆ ಕಾದು, ಮತ್ತೆ ನೋಡಿ, ಹೀಗೆ 'ಹಾಟ್' ಗುರುತಿನ ನಡುವಿಗೆ ತಂದು ನಿಲ್ಲಿಸಿದೆವು. ಮೇಲಿನ ಗೆರೆಯವರೆಗೆ ತುಂಬುವ ಆಸೆ ಅವನಿಗಿತ್ತು, ಬೇಡವೆಂದೆ. ತುಂಬುವುದು ಸುಲಭ, ಹೆಚ್ಚಾದದ್ದನ್ನು ತೆಗೆಯುವುದಕ್ಕೆ ಸಿರಿಂಜು, ಕೊಳವೆ ಎಂದು ಒದ್ದಾಡಬೇಕು.

ಬಸಿದ ಎಣ್ಣೆಯನ್ನು ಚರಂಡಿಗೆ ಚೆಲ್ಲಿದರೆ ಅದು ನಾಲೆಗಳ ದಾರಿಯಲ್ಲಿ ಮುಠಾ ನದಿಯನ್ನೇ ಸೇರುವುದು. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಗ್ಯಾರೇಜಿನ ಡ್ರಮ್ಮಿಗೆ ಹಾಕಿದ್ದನ್ನು ಪರವಾನಗಿ ಇರುವ ಮರುಸಂಸ್ಕರಣೆಯವರು ಒಯ್ಯುತ್ತಾರೆ.

ಎರಡನೆಯ ಸಲದ ಬಸಿಯುವಿಕೆಯೂ ಮುಗಿದ ಮೇಲೆ ಧಾರವಾಡಕ್ಕೆ ಹೋಗಿಬಂದೆವು. ಖಂಬಾಟ್ಕಿ ಘಾಟಿನ ಏರಿನಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಹತ್ತುವಾಗಲೇ ಗೇರ್‌ಬಾಕ್ಸಿನ ಎಣ್ಣೆ ಅತಿ ಹೆಚ್ಚು ಬಿಸಿಯಾಗುವುದು, ಕನ್ವರ್ಟರು ಜಾರುತ್ತ ಬಲ ಸಾಗಿಸುವ ಸ್ಥಿತಿ ಅದು. ಎರಡನೆಯ ಗೇರಿಗೆ ಲಿವರ್ ಇಳಿಸಿ ಹತ್ತಿದೆ. ಊರಿಂದ ಬಂದು ನೋಡಿದಾಗ ಮಟ್ಟ ಇದ್ದಲ್ಲೇ ಇತ್ತು, ಹೋಸು ಒಣಗಿತ್ತು. ಬೆಳಗಿನ ರಿವರ್ಸಿನ ಹಿಂಜರಿಕೆ ಬಹುಮಟ್ಟಿಗೆ ಹೋಗಿದೆ. ತೀರ ಚಳಿಯ ದಿನ ಒಂದಿಷ್ಟು ಉಳಿದಿದೆ, ಅದು ಹಳೆಯ ಸೀಲುಗಳ ಕೆಲಸವೆಂದು ನನ್ನ ಊಹೆ.

ಗಣೇಶನಗರದ ಕನ್ನಡ ಸಂಘದಲ್ಲಿ ಕಾರ್ಯಕ್ರಮ ಮುಗಿಸಿ ಹೊರಡುವಾಗ ಈ ಕಥೆ ಕೇಳಿದ ಇಬ್ಬರು ತಮ್ಮ ಕಾರುಗಳಿಗೂ ಇದನ್ನೇ ಮಾಡಿಸಲು ಉತ್ಸಾಹ ತೋರಿಸಿದರು. ಒಬ್ಬರದು ಎಎಂಟಿ, ಅಂದರೆ ಕ್ಲಚ್ಚು, ಗೇರುಗಳನ್ನು ಚಾಲಕನ ಬದಲು ಯಂತ್ರವೇ ಹಾಕುವ ಬಗೆ. 2014ರಲ್ಲಿ ಮಾರುತಿಯ ಸೆಲೆರಿಯೊ ಬಂದಂದಿನಿಂದ ನಮ್ಮ ರಸ್ತೆಗಳಲ್ಲಿ ತುಂಬಿರುವ ಈ ಬಗೆಯ ಕಾರಿನೊಳಗೆ ಇರುವುದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸು, ಅದಕ್ಕೆ ಬೇಕಾದದ್ದು ಗೇರ್ ಆಯಿಲ್ಲೇ, ಎಟಿಎಫ್ ಅಲ್ಲ. ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟು, ಪುಲ್ಲಿಗಳಿರುವ ಪೆಟ್ಟಿಗೆ ಇದ್ದರೆ ಅದರ ಬೆಲ್ಟಿಗೆಂದೇ ತಯಾರಾದ ದ್ರವ ಬೇರೆ, ಅಲ್ಲಿ ಎಟಿಎಫ್ ಹಾಕಿದರೆ ಬೆಲ್ಟು ಜಾರಿ ಪುಲ್ಲಿಯನ್ನೇ ತಿನ್ನುತ್ತದೆ. ಬೆಳಗಾವಿಯ ಇನ್ನೊಬ್ಬ ಮಿತ್ರರದು ಆರು ಗೇರಿನ, ಕಡ್ಡಿಯೇ ಇಲ್ಲದ ಪೆಟ್ಟಿಗೆ. ಜೀವಮಾನಕ್ಕೆ ಸಾಕಾಗುವ ಎಣ್ಣೆ ಎಂದು ಮಾರುವಾಗ ಹೇಳಿದ್ದರಂತೆ. ಅಂಥ ಪೆಟ್ಟಿಗೆಗಳನ್ನು ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನ ನಡುವೆ ಎಣ್ಣೆ ಬದಲಿಸಲು ಸಲಹೆ ಕೊಡುತ್ತದೆ ಎಂದು ಅವರಿಗೆ ತಿಳಿಸಿದೆ. ಅಲ್ಲಿ ಮಟ್ಟ ನೋಡುವುದೆಂದರೆ ಕಾರನ್ನು ಮಟ್ಟಸವಾಗಿ ಮೇಲೆತ್ತಿ, ಸ್ಕ್ಯಾನರಿನಲ್ಲಿ ಉಷ್ಣತೆ ನೋಡುತ್ತ, ಕಂಪನಿ ಹೇಳಿದ ಕಿರಿದಾದ ಶ್ರೇಣಿಯೊಳಗೆ ಹೆಚ್ಚಾದ ಎಣ್ಣೆ ಉಕ್ಕಿ ಹೊರಬರಲೆಂದು ಇರುವ ಬೋಲ್ಟನ್ನು ತೆಗೆದು, ಹೆಚ್ಚಿನ ಎಣ್ಣೆ ಹರಿದು ಹನಿಯಾಗುವ ಹೊತ್ತಿಗೆ ಮುಚ್ಚುವುದು. ಪಿಟ್ಟಿನ ಮೇಲೆ ಕಾರು ನಿಲ್ಲಿಸಿ ನಾವಿಬ್ಬರು ಮಾಡುವ ಕೆಲಸ ಅದಲ್ಲ. ಲಿಫ್ಟೂ ಆ ಪೆಟ್ಟಿಗೆಗೆ ಹೊಂದುವ ಸ್ಕ್ಯಾನರೂ ಇರುವ ವರ್ಕ್‌ಶಾಪಿಗೆ ಹೋಗಿ, ಯಾವ ದರ್ಜೆಯ ದ್ರವ ಹಾಕಿದರೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಲು ಹೇಳಿ ಕಳಿಸಿದೆ.